ಪಾರಿವಾಳವಿಲ್ಲದ ಚಿತ್ರ

ಐದಾರು ವರ್ಷಗಳ ಹಿಂದಿನ ಮಾತು. ಗಾಂಧಿ ಜಯಂತಿಯ ಅಂಗವಾಗಿ ಬೆಂಗಳೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘವು ಮಕ್ಕಳಿಗಾಗಿ ಚಿತ್ರಕಲಾ ಸ್ಪರ್ಧೆಯೊಂದನ್ನು ಏರ್ಪಡಿಸಿತ್ತು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದು ನಿವೃತ್ತನಾದ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಕೊಟ್ಟ ವಿಷಯ 'ವಿಶ್ವಶಾಂತಿ ಮತ್ತು ಸಮಾನತೆ'. ಅಕ್ಟೋಬರ್ 2ನ್ನು ವಿಶ್ವಸಂಸ್ಥೆ 2007ರಿಂದ ಅಂತರರಾಷ್ಟ್ರೀಯ ಅಹಿಂಸಾ ದಿನವಾಗಿ ಆಚರಿಸುತ್ತಿದೆ. ಆದ್ದರಿಂದ ವಿಷಯದ ಆಯ್ಕೆಯೂ ಸೂಕ್ತವಾಗಿಯೇ ಇತ್ತು. ಉದ್ಯಾನದಲ್ಲಿ ಶಾಮಿಯಾನ ಹಾಕಿ, ಜಮಖಾನ ಹಾಸಿ, ನೂರಕ್ಕೂ ಹೆಚ್ಚು ಮಕ್ಕಳನ್ನು ಕೂರಿಸಿ ಎರಡು ಗಂಟೆಗಳ ಕಾಲಾವಕಾಶ ಕೊಡಲಾಯಿತು. ತೀರ್ಪು ನಿಷ್ಪಕ್ಷಪಾತವಾಗಿರಲೆಂದು ಹಾಳೆಗಳ ಮೇಲೆ ಮಕ್ಕಳ ಹೆಸರಿನ ಬದಲು ಸಂಖ್ಯೆಗಳನ್ನು ಬರೆಸಿದ್ದರು.

ಹಾಳೆಗಳು ನನ್ನ ಮೇಜಿಗೆ ಬಂದವು. ಒಂದೊಂದಾಗಿ ನೋಡುತ್ತಾ ಹೋದೆ. ಬಿಳಿಯ ಪಾರಿವಾಳ, ಅದರ ಕೊಕ್ಕಿನಲ್ಲಿ ಹಸಿರು ಎಲೆ; ಭೂಗೋಳದ ಸುತ್ತ ಕೈ ಕೈ ಹಿಡಿದು ನಿಂತ ನಾಲ್ಕು ಬಣ್ಣದ ಮಕ್ಕಳು; ದೇವಸ್ಥಾನ, ಮಸೀದಿ, ಚರ್ಚುಗಳು ಒಂದೇ ಸಾಲಿನಲ್ಲಿ, ಮೇಲೊಂದು ಕಾಮನಬಿಲ್ಲು; ಮತ್ತೆ ಪಾರಿವಾಳ. ಅರ್ಧಕ್ಕಿಂತ ಹೆಚ್ಚು ಹಾಳೆಗಳಲ್ಲಿ ಪಾರಿವಾಳಗಳಿದ್ದವು. ಬಡಾವಣೆಯ ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳಗಳು ಒಳಗೆ ಬಾರದಿರಲೆಂದು ನಾವೆಲ್ಲರೂ ಬಾಲ್ಕನಿಗಳಿಗೆ ಬಲೆ ಕಟ್ಟಿಸಿಕೊಂಡಿದ್ದೇವೆ. ಮಕ್ಕಳು ದಿನವೂ ನೋಡುವ ಆ ಬೂದು ಬಣ್ಣದ ಹಕ್ಕಿ ಒಂದೇ ಒಂದು ಹಾಳೆಯಲ್ಲೂ ಇರಲಿಲ್ಲ. ಅವರು ಎಂದೂ ನೋಡಿರದ ಬಿಳಿಯ ಹಕ್ಕಿ, ಅವರು ಎಂದೂ ಮುಟ್ಟಿರದ ಆಲಿವ್ ಎಲೆಯನ್ನು ಕಚ್ಚಿಕೊಂಡು ಹಾಳೆಯಿಂದ ಹಾಳೆಗೆ ಹಾರುತ್ತಿತ್ತು.

ಎಪ್ಪತ್ತಮೂರನೆಯ ಹಾಳೆ ಬೇರೆಯದಾಗಿತ್ತು. ಒಂದು ಅಡುಗೆಮನೆ. ಗೋಡೆಯ ಸ್ಟ್ಯಾಂಡಿನಲ್ಲಿ ಸಾಲಾಗಿ ಜೋಡಿಸಿದ ಸ್ಟೀಲ್ ಲೋಟಗಳು, ತಟ್ಟೆಗಳು. ಕಿಟಕಿಯ ಸರಳುಗಳಾಚೆ, ಹೊರಗಿನ ಕಟ್ಟೆಯ ಮೇಲೆ, ಬೋರಲು ಹಾಕಿದ ಒಂದೇ ಒಂದು ಹಸಿರು ಪ್ಲಾಸ್ಟಿಕ್ ಲೋಟ. ಮನುಷ್ಯರೇ ಇಲ್ಲ, ಬಣ್ಣವೂ ಅರ್ಧಕ್ಕೆ ನಿಂತಿತ್ತು. ರೇಖೆ ಗಟ್ಟಿಯಾಗಿದೆ ಎಂದುಕೊಂಡೆ. ಆದರೆ 'ವಿಷಯಕ್ಕೆ ಸಂಬಂಧವಿಲ್ಲ' ಎಂದು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಪಕ್ಕಕ್ಕಿಟ್ಟೆ. ಮೊದಲ ಮೂರು ಬಹುಮಾನಗಳು ಪಾರಿವಾಳಗಳಿಗೇ ಹೋದವು.

ಸಮಾರಂಭ ಮುಗಿದು ಶಾಮಿಯಾನ ಬಿಚ್ಚುತ್ತಿದ್ದಾಗ ಹನ್ನೆರಡು–ಹದಿಮೂರರ ಹುಡುಗಿಯೊಬ್ಬಳು ಬಂದು ನಿಂತಳು. ಸರ್ಕಾರಿ ಶಾಲೆಯ ಸಮವಸ್ತ್ರದಲ್ಲಿದ್ದಳು. "ಸರ್, ಎಪ್ಪತ್ತಮೂರು ನಂದು. ವಾಪಸ್ ಕೊಡ್ತೀರಾ? ಅಮ್ಮಂಗೆ ತೋರಿಸ್ಬೇಕು" ಎಂದಳು. ಹುಡುಕಿ ಕೊಟ್ಟೆ. ಶಿಕ್ಷಕನ ಚಪಲ ಬಿಡಲಿಲ್ಲ: "ಚೆನ್ನಾಗಿ ಬರೆದಿದ್ದೀಯಮ್ಮಾ. ಆದರೆ ಶಾಂತಿಗೂ ಇದಕ್ಕೂ ಏನು ಸಂಬಂಧ?" ಎಂದು ಕೇಳಿದೆ. ಹಾಳೆಯನ್ನು ಸುರುಳಿ ಸುತ್ತುತ್ತಾ, ತಲೆಯೆತ್ತದೆ ಹೇಳಿದಳು: "ಸಮಾನತೆ ಅಂತಲೂ ಬರೆದಿತ್ತಲ್ಲ ಸರ್."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ಹೋದ ಮೇಲೂ ಆ ಮಾತು ಹೋಗಲಿಲ್ಲ. ಮಕ್ಕಳ ಚಿತ್ರಗಳ ಮೂಲಕ ಶಾಂತಿಯನ್ನು, ಸಮಾನತೆಯನ್ನು ಸಾರುತ್ತೇವೆಂದು ನಾವು ಹೊರಟಾಗ ಹಾಳೆಯ ಮೇಲೆ ಮಾತಾಡುವವರು ಯಾರು, ಮಕ್ಕಳೋ ನಾವೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಲೇ ಇದೆ. ಅದಕ್ಕೆ ಉತ್ತರ ಹುಡುಕುತ್ತಾ ನಾನು ಮತ್ತೆ ಓದಿದ, ಯೋಚಿಸಿದ ಕೆಲವು ಸಂಗತಿಗಳನ್ನು ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ಮೊದಲು ಆ ಪಾರಿವಾಳದ ಮಾತು. ನೋವನ ಕಥೆಯಿಂದ ಬಂದ ಹಳೆಯ ಸಂಕೇತವಾದರೂ ಅದು ಇಂದಿನ ಶಾಂತಿ ಚಳವಳಿಯ ಲಾಂಛನವಾಗಿದ್ದು 1949ರಲ್ಲಿ. ಪ್ಯಾರಿಸಿನಲ್ಲಿ ನಡೆದ ವಿಶ್ವಶಾಂತಿ ಸಮ್ಮೇಳನದ ಭಿತ್ತಿಪತ್ರಕ್ಕೆ ಪಿಕಾಸೊ ರಚಿಸಿದ್ದ ಪಾರಿವಾಳದ ಚಿತ್ರವನ್ನು ಬಳಸಿಕೊಳ್ಳಲಾಯಿತು. ಅದೇ ವರ್ಷ ಯುನಿಸೆಫ್ ತನ್ನ ಮೊದಲ ಶುಭಾಶಯ ಪತ್ರವನ್ನು ಹೊರತಂದಿತು. ಅದರಲ್ಲಿದ್ದುದು ಜೆಕೊಸ್ಲೊವಾಕಿಯಾದ ಹಳ್ಳಿಯೊಂದರ ಏಳು ವರ್ಷದ ಹುಡುಗಿ ಯಿತ್ಕಾ ಸಾಮ್ಕೋವಾ ಬರೆದ ಚಿತ್ರ. ಯುದ್ಧದ ನಂತರ ನೆರವು ಪಡೆದದ್ದಕ್ಕೆ ಕೃತಜ್ಞತೆಯಾಗಿ ಬರೆದದ್ದು. ಕಾಗದ ಸಿಗದೆ ಗಾಜಿನ ಮೇಲೆ ಬರೆದಿದ್ದಳಂತೆ. ಅದರಲ್ಲಿ ಹಕ್ಕಿಯಾಗಲಿ ಭೂಗೋಳವಾಗಲಿ ಇರಲಿಲ್ಲ. ವಸಂತದ ಹಬ್ಬದಲ್ಲಿ ನೆಟ್ಟ ಕಂಬದ ಸುತ್ತ ಕುಣಿಯುತ್ತಿರುವ ಮಕ್ಕಳಿದ್ದರು. ಒಂದೇ ವರ್ಷದ ಎರಡು ಚಿತ್ರಗಳು. ದೊಡ್ಡವರು ಶಾಂತಿಗೆ ಒಂದು ಸಂಕೇತವನ್ನು ಹುಡುಕಿದರು. ಮಗು ತನ್ನ ಊರಿನ ಕುಣಿತವನ್ನು ಬರೆಯಿತು. ನಮ್ಮ ಶಾಲೆಗಳು ಮೊದಲಿನದನ್ನು ಹಿಡಿದುಕೊಂಡವು, ಎರಡನೆಯದನ್ನು ಮರೆತವು.

ಮಕ್ಕಳ ಚಿತ್ರ ಎರಡು ಶತ್ರು ದೇಶಗಳ ನಡುವೆ ನಿಜವಾಗಿಯೂ ಸೇತುವಾದದ್ದುಂಟೇ? ಉಂಟು. ನನಗೆ ತಿಳಿದ ಅತ್ಯುತ್ತಮ ನಿದರ್ಶನ ಹಿರೋಶಿಮಾದ ಹೊಂಕಾವಾ ಪ್ರಾಥಮಿಕ ಶಾಲೆಯದು. 1945ರ ಆಗಸ್ಟ್ 6ರಂದು ಅಣುಬಾಂಬು ಸಿಡಿದ ಜಾಗಕ್ಕೆ ಅರ್ಧ ಕಿಲೋಮೀಟರಿಗೂ ಹತ್ತಿರದಲ್ಲಿದ್ದ ಶಾಲೆ ಅದು. ಸುಮಾರು 400 ಮಕ್ಕಳು ತಮ್ಮ ಶಿಕ್ಷಕರೊಂದಿಗೆ ಸತ್ತರು. ಕಾಂಕ್ರೀಟಿನ ಗೋಡೆಗಳು ಮಾತ್ರ ಉಳಿದವು. ಮುಂದಿನ ವರ್ಷ ಅದೇ ಸುಟ್ಟ ಕಟ್ಟಡದಲ್ಲಿ, ಕಿಟಕಿಗಳಿಲ್ಲದ ಕೋಣೆಗಳಲ್ಲಿ, ಅಳಿದುಳಿದ ಮಕ್ಕಳಿಗೆ ಪಾಠ ಮತ್ತೆ ಆರಂಭವಾಯಿತು.

ಅತ್ತ ಅಮೆರಿಕದಲ್ಲಿ 1946ರ ನವೆಂಬರಿನಲ್ಲಿ ಒಂದು ಛಾಯಾಚಿತ್ರ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಯ ಯಶಸ್ಸನ್ನು ಆಚರಿಸಲು ನೌಕಾಪಡೆಯ ಅಧಿಕಾರಿಗಳು ಕೇಕ್ ಕತ್ತರಿಸುತ್ತಿದ್ದಾರೆ. ಕೇಕಿನ ಆಕಾರ ಅಣುಬಾಂಬಿನ ಹೊಗೆಯ ಅಣಬೆ! ವಾಷಿಂಗ್ಟನ್ನಿನ ಆಲ್ ಸೋಲ್ಸ್ ಯುನಿಟೇರಿಯನ್ ಚರ್ಚಿನ ಧರ್ಮಗುರು ಪೊವೆಲ್ ಡೇವಿಸ್ ಆ ಚಿತ್ರವನ್ನು ಕಂಡು ಕನಲಿದರು. ಅದನ್ನು ಖಂಡಿಸಿ ಉಪದೇಶ ಮಾಡಿದರು. ಆ ಸುದ್ದಿ ಜಪಾನಿನಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ಹೊವರ್ಡ್ ಬೆಲ್ ಎಂಬ ಅಮೆರಿಕನ್ ಅಧಿಕಾರಿಯನ್ನು ಮುಟ್ಟಿತು. ಹಿರೋಶಿಮಾದ ಮಕ್ಕಳ ಬಳಿ ಪೆನ್ಸಿಲೂ ಇಲ್ಲ, ಕಾಗದವೂ ಇಲ್ಲ ಎಂದು ಅವರು ಡೇವಿಸರಿಗೆ ತಿಳಿಸಿದರು. ಚರ್ಚಿನ ಮಕ್ಕಳು ಪೆನ್ಸಿಲು, ಬಣ್ಣದ ಕಡ್ಡಿ, ಕಾಗದ, ಅಂಟುಗಳನ್ನು ಕೂಡಿಹಾಕಿದರು. ಸುಮಾರು ಅರ್ಧ ಟನ್ ಸಾಮಗ್ರಿ ಸಮುದ್ರ ದಾಟಿ ಹೋಗಿ ಹೊಂಕಾವಾ ಸೇರಿದಂತೆ ಹಿರೋಶಿಮಾದ ಮಕ್ಕಳ ಕೈಸೇರಿತು.

ಆ ಮಕ್ಕಳು ಏನು ಮಾಡಿದರು ಗೊತ್ತೇ? ಬಂದ ಬಣ್ಣಗಳಿಂದಲೇ ಚಿತ್ರ ಬರೆದು ವಾಷಿಂಗ್ಟನ್ನಿಗೆ ಕಳುಹಿಸಿದರು. ಚೆರಿ ಹೂವು ಬಿಟ್ಟ ಮರಗಳು, ನೀಲಿ ಆಕಾಶ, ಆಟವಾಡುವ ಗೆಳೆಯರು. ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತು, ಬೂದಿಯಾದ ಊರಿನ ನಡುವೆ, ಅವರು ಹಸಿರು ಬಣ್ಣವನ್ನು ಧಾರಾಳವಾಗಿ ಬಳಸಿದ್ದರು. ಬಾಂಬು ಹಾಕಿದವರ ರಾಜಧಾನಿಯಲ್ಲಿ ಆ ಚಿತ್ರಗಳು ಗೋಡೆಗೇರಿದವು. ಯುದ್ಧಕಾಲದ ಪ್ರಚಾರದಲ್ಲಿ ಜಪಾನೀಯರನ್ನು ಮನುಷ್ಯರೆಂದೇ ಕಾಣದಿದ್ದ ಜನ ಅವುಗಳ ಎದುರು ನಿಂತು, ತಮ್ಮ ಮಕ್ಕಳು ಬರೆಯುವಂಥ ಮರಗಳನ್ನೂ ತಮ್ಮ ಮಕ್ಕಳು ಬರೆಯುವಂಥ ಸೂರ್ಯನನ್ನೂ ಕಂಡರು.

ಈ ಪ್ರಸಂಗದಲ್ಲಿ ಸಮಾನತೆಯ ಒಂದು ಸೂಕ್ಷ್ಮವೂ ಇದೆ. ಪೆನ್ಸಿಲು ಹೋದಾಗ ಅದು ದಾನವಾಗಿತ್ತು. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ಚಿತ್ರಗಳು ಮರಳಿ ಬಂದಾಗ ಆ ಮೇಲು–ಕೆಳಗು ಅಳಿಸಿಹೋಯಿತು. ಹಿರೋಶಿಮಾದ ಮಕ್ಕಳೂ ಕೊಡುವವರಾದರು. ಚಿತ್ರಗಳು ಆಮೇಲೆ ದಶಕಗಳ ಕಾಲ ಚರ್ಚಿನಲ್ಲಿ ಪೆಟ್ಟಿಗೆಯೊಳಗಿದ್ದವು. ಹೊಸ ಶತಮಾನದಲ್ಲಿ ಅವುಗಳನ್ನು ಹೊರತೆಗೆದು, ದುರಸ್ತಿ ಮಾಡಿ, 2010ರಲ್ಲಿ ಹೊಂಕಾವಾ ಶಾಲೆಗೇ ಒಯ್ದು ಪ್ರದರ್ಶಿಸಲಾಯಿತು. ಎಪ್ಪತ್ತರ ಆಸುಪಾಸಿನ ಅಜ್ಜ–ಅಜ್ಜಿಯರು ತಾವು ಬಾಲ್ಯದಲ್ಲಿ ಬರೆದ ಮರಗಳ ಎದುರು ನಿಂತರು. ಪತ್ರಕ್ಕೆ ಪತ್ರ, ಅದಕ್ಕೆ ಮರುಪತ್ರ. ಅರುವತ್ತು ವರ್ಷ ತಡವಾದರೂ ಉತ್ತರ ಬಂತು.

ಹಾಗಾದರೆ ಮಕ್ಕಳು ಹೂವು, ಹಸಿರುಗಳನ್ನಷ್ಟೇ ಬರೆಯಬೇಕೇ? ಅಲ್ಲ. ಅವರು ಕಂಡದ್ದನ್ನೂ ಬರೆಯುತ್ತಾರೆ, ಕಾಣಬಯಸಿದ್ದನ್ನೂ ಬರೆಯುತ್ತಾರೆ. ಇದನ್ನು ನಾಜಿಗಳ ತೆರೆಜಿನ್ ಬಂದೀವಾಸದಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದ ಫ್ರೀಡಲ್ ಡಿಕರ್‌–ಬ್ರಾಂಡೈಸ್ ಚೆನ್ನಾಗಿ ಅರಿತಿದ್ದರು. 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಈ ಯಹೂದಿ ಕಲಾವಿದೆಯನ್ನು 1942ರ ಡಿಸೆಂಬರಿನಲ್ಲಿ ತೆರೆಜಿನ್‌ಗೆ ಸಾಗಿಸಲಾಯಿತು. ಜೊತೆಯಲ್ಲಿ ಒಯ್ಯಲು ಬಿಟ್ಟಿದ್ದ ಅಲ್ಪ ಸಾಮಾನಿನಲ್ಲಿ ಅವರು ಚಿತ್ರದ ಸಲಕರಣೆಗಳನ್ನು ತುಂಬಿಕೊಂಡು ಹೋದರು. ಅಲ್ಲಿ ಮಕ್ಕಳ ಶಾಲೆಗೆ ನಿಷೇಧವಿತ್ತು. ಕಚೇರಿಯ ಹಳೆಯ ನಮೂನೆಗಳ ಹಿಂಬದಿಯಲ್ಲಿ, ಪೊಟ್ಟಣ ಕಟ್ಟಿದ ಕಾಗದದ ಮೇಲೆ, ಕಾಗದದ ಚೂರುಗಳನ್ನು ಅಂಟಿಸಿ ಮಕ್ಕಳು ಚಿತ್ರ ಮಾಡಿದರು. ಹುಲ್ಲುಗಾವಲು, ಚಿಟ್ಟೆ, ಬಿಟ್ಟು ಬಂದ ಮನೆಯ ಊಟದ ಮೇಜು; ಅವುಗಳ ಜೊತೆಗೇ ಅಂತಸ್ತಿನ ಮಂಚಗಳು, ಊಟಕ್ಕೆ ನಿಂತ ಸಾಲು. ಮಕ್ಕಳನ್ನು ಚಿತ್ರಕಾರರನ್ನಾಗಿ ಮಾಡುವುದು ಫ್ರೀಡಲ್ ಅವರ ಗುರಿಯಾಗಿರಲಿಲ್ಲ. ನೋಡುವ, ನೆನೆಯುವ, ಕಲ್ಪಿಸುವ ಶಕ್ತಿ ಮಗುವಿನಲ್ಲಿ ಬತ್ತದಂತೆ ಕಾಯುವುದಷ್ಟೇ ಅವರಿಗೆ ಮುಖ್ಯವಾಗಿತ್ತು.

ಅವರು ಇನ್ನೊಂದು ಕೆಲಸ ಮಾಡಿದರು. ಚಿತ್ರದ ಮೇಲೆ ಹೆಸರು ಬರೆಯುವಂತೆ ಮಕ್ಕಳಿಗೆ ಹೇಳಿದರು. ಬಂದಿಗಳನ್ನು ಸಾಗಣೆಯ ಸಂಖ್ಯೆಗಳಿಂದ ಗುರುತಿಸುತ್ತಿದ್ದ ಜಾಗವದು. ಅಲ್ಲಿ ಹೆಸರು ಬರೆಯುವುದೆಂದರೆ ನಾನು ಇದ್ದೇನೆ ಎಂದು ಹೇಳಿದಂತೆ. 1944ರ ಅಕ್ಟೋಬರಿನಲ್ಲಿ ಫ್ರೀಡಲ್ ಅವರನ್ನು ಆಷ್‌ವಿಟ್ಸ್‌ಗೆ ಕಳುಹಿಸಿ ಕೊಲ್ಲಲಾಯಿತು. ಅವರ ಬಳಿ ಕಲಿತ ಮಕ್ಕಳಲ್ಲಿ ಬಹುಪಾಲು ಮಂದಿ ಉಳಿಯಲಿಲ್ಲ. ಎರಡು ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದವು. ಇಂದು ಅವು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಎಷ್ಟೋ ಮಕ್ಕಳ ಮಟ್ಟಿಗೆ, ಅವರು ಈ ಭೂಮಿಯ ಮೇಲೆ ಬದುಕಿದ್ದರೆಂಬುದಕ್ಕೆ ಹಾಳೆಯ ಮೂಲೆಯ ಆ ಸಹಿಗಿಂತ ಆಪ್ತವಾದ ಸಾಕ್ಷಿ ಬೇರೊಂದಿಲ್ಲ.

ಚಿತ್ರಗಳು ಆ ಮಕ್ಕಳನ್ನು ಉಳಿಸಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಉಳಿಸಲಿಲ್ಲ. ಚಿತ್ರವೊಂದು ಯುದ್ಧವನ್ನು ನಿಲ್ಲಿಸಿದ ಉದಾಹರಣೆ ನನಗೆ ಗೊತ್ತಿಲ್ಲ. ಅಂಥ ಭರವಸೆ ಕೊಡುವವರನ್ನು ನಾನು ನಂಬುವುದೂ ಇಲ್ಲ. ಆದರೆ ಮಗುವಿನ ಚಿತ್ರ ಸಾಕ್ಷಿಯಾಗಬಲ್ಲದು. ಸುಡಾನಿನ ದಾರ್‌ಫುರ್ ಪ್ರಾಂತ್ಯದಿಂದ ಜೀವ ಉಳಿಸಿಕೊಂಡು ನೆರೆಯ ಚಾಡ್ ದೇಶದ ಶಿಬಿರಗಳನ್ನು ಸೇರಿದ್ದ ಮಕ್ಕಳಿಂದ 2007ರಲ್ಲಿ 'ವೇಜಿಂಗ್ ಪೀಸ್' ಎಂಬ ಸಂಸ್ಥೆ 500 ಚಿತ್ರಗಳನ್ನು ಸಂಗ್ರಹಿಸಿತು. ಉರಿಯುವ ಗುಡಿಸಲು, ಮೇಲೆ ವಿಮಾನ, ಬಂದೂಕು ಹಿಡಿದವರು, ಓಡುವ ಹೆಂಗಸರು. ದೊಡ್ಡವರು ಹೇಳಲು ಹಿಂಜರಿದದ್ದನ್ನು ಮಕ್ಕಳ ಬಣ್ಣದ ಪೆನ್ಸಿಲುಗಳು ಹೇಳಿದವು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಆ ಚಿತ್ರಗಳನ್ನು ಅಪರಾಧಗಳ ಹಿನ್ನೆಲೆಯನ್ನು ತಿಳಿಸುವ ಸಾಕ್ಷ್ಯವಾಗಿ ಸ್ವೀಕರಿಸಿತು.

ಎಲ್ಲ ಚಿತ್ರಗಳಿಗೂ ಈ ಭಾಗ್ಯವಿಲ್ಲ. 2011ರ ಸೆಪ್ಟೆಂಬರಿನಲ್ಲಿ ಅಮೆರಿಕದ ಓಕ್‌ಲ್ಯಾಂಡ್ ನಗರದ ಮಕ್ಕಳ ಕಲಾ ವಸ್ತುಸಂಗ್ರಹಾಲಯದಲ್ಲಿ ಗಾಜಾದ ಮಕ್ಕಳ ಚಿತ್ರಗಳ ಪ್ರದರ್ಶನ ನಿಗದಿಯಾಗಿತ್ತು. 2008–09ರ ಇಸ್ರೇಲಿ ದಾಳಿಯನ್ನು ಕಂಡ ಮಕ್ಕಳು ಬರೆದ ಚಿತ್ರಗಳು. ಉದ್ಘಾಟನೆಗೆ ಕೆಲವೇ ದಿನಗಳಿದ್ದಾಗ ಪ್ರದರ್ಶನವನ್ನು ರದ್ದುಪಡಿಸಲಾಯಿತು. ಆ ಚಿತ್ರಗಳು ಚಿಕ್ಕ ಮಕ್ಕಳು ನೋಡತಕ್ಕವಲ್ಲ ಎಂಬುದು ಕೊಟ್ಟ ಕಾರಣ. ಹೊರಗಿನ ಒತ್ತಡಕ್ಕೆ ಮಣಿದರು ಎಂಬುದು ಆಯೋಜಕರ ಆರೋಪ. ಕೊನೆಗೆ ಹತ್ತಿರದ ಬೇರೊಂದು ಜಾಗದಲ್ಲಿ ಅವು ಗೋಡೆಗೇರಿದವು. ಆ ಭಾಗದ ರಾಜಕೀಯದ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯಗಳಿರಬಹುದು, ಇರಲಿ. ಗಮನಿಸಬೇಕಾದದ್ದು ಇಷ್ಟೇ: ಮಕ್ಕಳು ನೋಡತಕ್ಕುದಲ್ಲ ಎಂದು ನಾವು ತೀರ್ಮಾನಿಸಿದ ದೃಶ್ಯವನ್ನು ಮಕ್ಕಳೇ ಕಂಡಿದ್ದರು, ಮಕ್ಕಳೇ ಬರೆದಿದ್ದರು.

ಮಗುವಿನ ಈ ಹಕ್ಕು ಬರಿಯ ಭಾವನೆಯ ಮಾತೂ ಅಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೆಯ ವಿಧಿಯು ಮಗುವಿನ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ವಿವರಿಸುವಾಗ ಮಾತು, ಬರಹಗಳ ಸಾಲಿನಲ್ಲೇ ಕಲೆಯನ್ನೂ ಹೆಸರಿಸುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಅಂದರೆ ಮಗುವಿನ ಕೈಗೆ ಬಣ್ಣ ಕೊಟ್ಟು, ಏನನ್ನು ಬರೆಯಬೇಕೆಂಬುದನ್ನು ನಾವೇ ಹೇಳಿಕೊಟ್ಟರೆ ಆ ಹಕ್ಕಿನ ಅರ್ಧವನ್ನು ಕಿತ್ತುಕೊಂಡಂತೆಯೇ ಸರಿ.

ಇದೆಲ್ಲ ದೂರದ ದೇಶಗಳ ಮಾತಾಯಿತು. ನಮ್ಮಲ್ಲಿ ಇಂಥ ಚಿಂತನೆ ಇರಲಿಲ್ಲವೇ ಎಂದರೆ, ಇತ್ತು. ವ್ಯಂಗ್ಯಚಿತ್ರಕಾರ ಶಂಕರ್ ಅವರು 1949ರಲ್ಲಿ ಆರಂಭಿಸಿದ ಮಕ್ಕಳ ಚಿತ್ರಸ್ಪರ್ಧೆ ಬಹುಬೇಗ ಜಗತ್ತಿನ ನಾನಾ ದೇಶಗಳ ಮಕ್ಕಳ ಚಿತ್ರಗಳನ್ನು ದೆಹಲಿಗೆ ತಂದಿತು. ಅದಕ್ಕೂ ಆಳವಾದ ಪ್ರಯೋಗ ನಡೆದದ್ದು ಸೇವಾಗ್ರಾಮದಲ್ಲಿ. ಶಾಂತಿನಿಕೇತನದಲ್ಲಿ ನಂದಲಾಲ ಬೋಸರ ಬಳಿ ಕಲಿತ ದೇವಿ ಪ್ರಸಾದರು 1944ರಲ್ಲಿ ಗಾಂಧೀಜಿಯ ಆಶ್ರಮಕ್ಕೆ ಬಂದು 'ನಯೀ ತಾಲೀಮ್' ಶಾಲೆಯಲ್ಲಿ ಮಕ್ಕಳಿಗೆ ಕಲೆ ಕಲಿಸಿದರು. ಅನುಕರಣೆಯ ಪಾಠ, ಮಾದರಿ ಚಿತ್ರಗಳ ನಕಲು ಅವರಿಗೆ ಒಗ್ಗದ ಸಂಗತಿಗಳು. ಸೃಷ್ಟಿಸುವ ಅವಕಾಶ ಸಿಕ್ಕ ಮಗುವಿನಲ್ಲಿ ನಾಶ ಮಾಡುವ ಪ್ರವೃತ್ತಿ ಬಲಿಯದು ಎಂಬುದು ಅವರ ಶಿಕ್ಷಣ ಚಿಂತನೆಯ ತಿರುಳು. 1962ರಲ್ಲಿ ಅವರು ಯುದ್ಧವಿರೋಧಿಗಳ ಅಂತರರಾಷ್ಟ್ರೀಯ ಸಂಘಟನೆಯಾದ 'ವಾರ್ ರೆಸಿಸ್ಟರ್ಸ್ ಇಂಟರ್‌ನ್ಯಾಷನಲ್'ನ ಪ್ರಧಾನ ಕಾರ್ಯದರ್ಶಿಯಾಗಿ ಲಂಡನ್ನಿಗೆ ಹೋದರು; 1972ರವರೆಗೆ ಆ ಹೊಣೆ ಹೊತ್ತರು. ಮಕ್ಕಳ ಚಿತ್ರದ ತರಗತಿಯಿಂದ ಯುದ್ಧವಿರೋಧಿ ಚಳವಳಿಯ ಕಚೇರಿಗೆ ನೇರ ದಾರಿಯೊಂದಿದೆ ಎಂಬುದನ್ನು ಅವರ ಬದುಕೇ ತೋರಿಸಿತು.

ನಾನು ಅವರ ಪುಸ್ತಕವನ್ನು ಓದಿದ್ದು ನಿವೃತ್ತನಾದ ಮೇಲೆ ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕು. ನನ್ನ ಸೇವಾವಧಿಯುದ್ದಕ್ಕೂ ಮಕ್ಕಳನ್ನು ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳಿಗೆ ಸಿದ್ಧಪಡಿಸಿದೆ. ವಸ್ತುಚಿತ್ರಣಕ್ಕೆ ಮೇಜಿನ ಮೇಲೆ ಕೊಡ, ಚೊಂಬು, ಲೋಟಗಳನ್ನು ಇಡುತ್ತಿದ್ದೆ. ಲೋಟದ ಬಾಯಿ ನಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಅಂಡಾಕಾರವಾಗಿ ಕಾಣುತ್ತದೆ, ಬೆಳಕು ಎಡದಿಂದ ಬಂದರೆ ನೆರಳು ಬಲಕ್ಕೆ ಬೀಳುತ್ತದೆ ಎಂದೆಲ್ಲ ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಆ ಲೋಟ ಯಾರದು, ಅದು ಮನೆಯ ಒಳಗಿದೆಯೋ ಹೊರಗಿದೆಯೋ ಎಂದು ಒಮ್ಮೆಯೂ ಕೇಳಿರಲಿಲ್ಲ.

ಇಂದು ನಗರದ ಕೆಲವು ದೊಡ್ಡ ಖಾಸಗಿ ಶಾಲೆಗಳು ವಿದೇಶದ ಶಾಲೆಗಳೊಂದಿಗೆ ಮಕ್ಕಳ ಚಿತ್ರಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಒಳ್ಳೆಯದೇ. ಆದರೆ ಅದೇ ಶಾಲೆಯ ಕಾಂಪೌಂಡಿನಾಚೆ, ರಸ್ತೆಯ ಇನ್ನೊಂದು ಬದಿಯಲ್ಲಿ, ಸರ್ಕಾರಿ ಶಾಲೆಯೊಂದಿರುತ್ತದೆ. ಸಾಗರ ದಾಟುವ ಚಿತ್ರಗಳು ರಸ್ತೆ ದಾಟಿದ್ದನ್ನು ನಾನು ಕಂಡಿಲ್ಲ. ಅನ್ಯ ಸಂಸ್ಕೃತಿಯೆಂದರೆ ಜಪಾನ್, ಜರ್ಮನಿ ಎಂದು ನಾವು ತಿಳಿದಿದ್ದೇವೆ. ವಲಸೆ ಬಂದು ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಲ್ಲಿ ಬೆಳೆಯುವ ಯಾದಗಿರಿಯ, ಬಿಹಾರದ, ಬಂಗಾಳದ ಮಕ್ಕಳು ನಮ್ಮ ಮಕ್ಕಳಿಗೆ ಟೋಕಿಯೋದ ಮಕ್ಕಳಿಗಿಂತ ದೂರವಾಗಿದ್ದಾರೆ. ಮಕ್ಕಳ ಚಿತ್ರಗಳಿಂದ ಏನಾದರೂ ಆಗಬೇಕಿದ್ದರೆ ಮೊದಲ ವಿನಿಮಯ ಈ ರಸ್ತೆಯ ಅಗಲದಲ್ಲೇ ಆಗಬೇಕು.

ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ಎರಡು ಶಾಲೆಗಳ ಶಿಕ್ಷಕರು ಒಪ್ಪಿದರೆ ಸಾಕು. 'ವಿಶ್ವಶಾಂತಿ' ಎಂಬ ವಿಷಯವನ್ನು ಕೊಡುವ ಬದಲು 'ನಿನ್ನ ಮನೆಯಲ್ಲಿ ಬೆಳಗಿನ ಹೊತ್ತು', 'ನೀನು ಶಾಲೆಗೆ ಬರುವ ದಾರಿ' ಎಂದು ಕೇಳಲಿ. ಬಹುಮಾನ ಬೇಡ, ಸಮಾನತೆಯ ವಿಷಯ ಕೊಟ್ಟು ಒಂದು, ಎರಡು, ಮೂರು ಎಂದು ಶ್ರೇಣಿ ಹಚ್ಚುವುದು ಎಂಥ ವಿಪರ್ಯಾಸವೆಂದು ನನಗೀಗ ಅನ್ನಿಸುತ್ತದೆ. ಪ್ರತಿ ಹಾಳೆಯ ಮೇಲೂ ಮಗುವಿನ ಹೆಸರಿರಲಿ. ಮನೆಯ ಸಂಗತಿ ಹೊರಬೀಳುವುದು ಬೇಡವೆಂದರೆ ಹೆಸರು ಬಿಡುವ, ಚಿತ್ರವನ್ನೇ ತನ್ನ ಬಳಿ ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಮಗುವಿನದಾಗಿರಲಿ. ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಚಿತ್ರದಲ್ಲೇ ಉತ್ತರ ಕೊಡಲಿ. ಅದೆಲ್ಲಕ್ಕಿಂತ ಮುಖ್ಯವಾಗಿ, ದೊಡ್ಡವರಾದ ನಾವು ಆ ಚಿತ್ರಗಳನ್ನು ನೋಡೋಣ. ಮುದ್ದಾಗಿದೆ ಎಂದು ಬೆನ್ನು ತಟ್ಟಿ ಮರೆಯುವ ನೋಟವಲ್ಲ. ನಮಗೆ ಬಂದ ಪತ್ರವನ್ನು ಓದಿಕೊಳ್ಳುವಂಥ ನೋಟ. ಯಾಕೆಂದರೆ ಮಕ್ಕಳ ಚಿತ್ರಗಳಿಂದ ಬದಲಾಗಬೇಕಾದವರು ಮಕ್ಕಳಲ್ಲ. ಅವರು ಒಬ್ಬರನ್ನೊಬ್ಬರು ದ್ವೇಷಿಸಲು ನಮ್ಮಿಂದ ಕಲಿಯಬೇಕಷ್ಟೆ.

ಮತ್ತೆ ಆ ಅಕ್ಟೋಬರ್ 2ಕ್ಕೆ ಬರುತ್ತೇನೆ. ಅಂದು ಸಂಜೆ, ಸಂಘದವರು ಹೊದಿಸಿದ ಶಾಲು, ಕೊಟ್ಟ ಹಣ್ಣಿನ ಬುಟ್ಟಿಯೊಂದಿಗೆ ಮನೆಗೆ ಬಂದೆ. ನೀರು ಕುಡಿಯಲೆಂದು ಅಡುಗೆಮನೆಗೆ ಹೋದವನು ಕಿಟಕಿಯ ಬಳಿ ನಿಂತೆ. ಸರಳುಗಳಾಚೆ, ಹಿತ್ತಿಲ ಕಟ್ಟೆಯ ಮೇಲೆ, ಅಂಚು ಸುಲಿದ ಒಂದು ಗಾಜಿನ ಲೋಟ ಬೋರಲಾಗಿತ್ತು. ಹನ್ನೊಂದು ವರ್ಷಗಳಿಂದ ನಮ್ಮ ಮನೆಗೆಲಸಕ್ಕೆ ಬರುತ್ತಿರುವಾಕೆ ಕಾಫಿ ಕುಡಿಯುವ ಲೋಟ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ರದ್ದು ಮಾಡಿದೆ ಎಂದು ಮಕ್ಕಳಿಗೆ ಹೇಳಿದವನು ನಾನು. ಹಳ್ಳಿಯ ಹೋಟೆಲುಗಳ ಎರಡು ಲೋಟದ ಪದ್ಧತಿಯನ್ನು ಸಭೆಗಳಲ್ಲಿ ಖಂಡಿಸಿದವನೂ ನಾನೇ. ನಮ್ಮ ಮನೆಯ ಎರಡನೆಯ ಲೋಟ ಹೇಗೆ ಅಲ್ಲಿಗೆ ಬಂತು, ಯಾವಾಗ ಬಂತು ಎಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಅದು ಮೊದಲಿನಿಂದಲೂ ಅಲ್ಲೇ ಇತ್ತು.

ನನ್ನ ಪತ್ನಿಗೆ ಹುಡುಗಿಯ ಚಿತ್ರದ ವಿಷಯ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ನಿಮ್ಮ ಕಣ್ಣಿಗೂ ಅದು ಬಿದ್ದಿರಲಿಲ್ಲವಲ್ಲ" ಎಂದಳು. ಅದು ಆಕ್ಷೇಪಣೆಯೋ ತಪ್ಪೊಪ್ಪಿಗೆಯೋ ನನಗೆ ತಿಳಿಯಲಿಲ್ಲ, ಎರಡೂ ಇರಬಹುದು. ಮರುದಿನ ಕಾಫಿಯನ್ನು ಸ್ಟೀಲ್ ಲೋಟದಲ್ಲಿ ಕೊಟ್ಟಾಗ ಕೆಲಸದಾಕೆಗೇ ಗಾಬರಿಯಾಯಿತು. "ಇರ್ಲಿ ಬಿಡಿ ಅಮ್ಮ, ನಂಗೆ ಅದೇ ಅಭ್ಯಾಸ" ಎಂದಳು. ನಮ್ಮ ಲೋಟದಲ್ಲಿ ಕುಡಿಯಲು ಆಕೆಗೆ ಒಗ್ಗುವಷ್ಟರಲ್ಲಿ ವಾರಗಳು ಕಳೆದವು. ಈಗಲೂ ಬಾಗಿಲ ಬಳಿ ನಿಂತೇ ಕುಡಿಯುತ್ತಾಳೆ. ಕುರ್ಚಿಯ ಮೇಲೆ ಕೂರೆಂದರೆ ನಗುತ್ತಾಳೆ. ಆದ್ದರಿಂದ ನಾನು ಏನನ್ನೋ ಸಾಧಿಸಿದೆನೆಂದು ಇಲ್ಲಿ ಹೇಳಹೊರಟಿಲ್ಲ. ಒಂದು ಲೋಟ ಕಿಟಕಿಯ ಆಚೆಯಿಂದ ಈಚೆಗೆ ಬಂದಿದೆ, ಅಷ್ಟೆ.

ಮರುವರ್ಷ ಸಂಘದವರು ಮತ್ತೆ ಕರೆದಾಗ, ಸ್ಪರ್ಧೆಯ ಬದಲು ಪ್ರದರ್ಶನ ಮಾಡೋಣ, ಎಲ್ಲರ ಚಿತ್ರಗಳನ್ನೂ ಹೆಸರಿನೊಂದಿಗೆ ತೂಗುಹಾಕೋಣ ಎಂದೆ. ಅರೆಮನಸ್ಸಿನಿಂದ ಒಪ್ಪಿದರು. ಬಂದ ಮಕ್ಕಳ ಸಂಖ್ಯೆ ಅರ್ಧಕ್ಕಿಳಿಯಿತು. "ಸರ್ಟಿಫಿಕೇಟ್ ಇಲ್ವಾ ಸರ್?" ಎಂದು ಕೇಳಿದ ತಂದೆತಾಯಿಯರೇ ಹೆಚ್ಚು. ಆದರೆ ಬಂದ ಚಿತ್ರಗಳಲ್ಲಿ ರಸ್ತೆಯ ಹೊಂಡಗಳಿದ್ದವು, ಜಗಳವಾಡುವ ಅಪ್ಪ–ಅಮ್ಮ ಇದ್ದರು, ನೀರಿನ ಟ್ಯಾಂಕರಿನ ಮುಂದಿನ ಸಾಲಿತ್ತು. ಬಾಲ್ಕನಿಯ ಬಲೆಗೆ ಸಿಕ್ಕಿಕೊಂಡ ಒಂದು ಬೂದು ಪಾರಿವಾಳವೂ ಇತ್ತು.

ಆ ಹುಡುಗಿ ಬಂದಿರಲಿಲ್ಲ. ಹಿಂದಿನ ವರ್ಷದ ನೋಂದಣಿ ಪಟ್ಟಿಯನ್ನು ಕೇಳಿದೆ; ಯಾರೂ ಇಟ್ಟುಕೊಂಡಿರಲಿಲ್ಲ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಚಾರಿಸಿದೆ. ಏನೆಂದು ಕೇಳಲಿ? ಅಂದು ಆಕೆಯೊಂದಿಗೆ ಅಷ್ಟು ಮಾತಾಡಿದವನು ಹೆಸರನ್ನೇ ಕೇಳಿರಲಿಲ್ಲ. ಹಾಳೆಯ ಹಿಂಬದಿಯಲ್ಲಿ ನಾನು ಪೆನ್ಸಿಲಿನಿಂದ ಬರೆದ ಆ ಎರಡು ಪದಗಳೊಂದಿಗೇ ಚಿತ್ರವನ್ನು ತಾಯಿಗೆ ತೋರಿಸಿರುತ್ತಾಳೆ. ನನಗೆ ನೆನಪಿರುವುದು ಎಪ್ಪತ್ತಮೂರು ಎಂಬ ಸಂಖ್ಯೆ ಮಾತ್ರ.